ಒಂದು ಇಂಚು, ಒಂದು ಮಿಲಿಮೀಟರ್

ಪೊಲೀಸರ ಪಿಸ್ತೂಲಿಗೆ ಎಷ್ಟು ದಪ್ಪದ ಗುಂಡು ಬೇಕು? ಇದೂ ಒಂದು ಚರ್ಚೆಯಾ ಅಂತ ನೀವು ಕೇಳಬಹುದು. ಆದ್ರೆ ಅಮೆರಿಕದ ಎಫ್‌ಬಿಐಗೆ ಈ ಒಂದು ಪ್ರಶ್ನೆ ಬಗೆಹರಿಸಿಕೊಳ್ಳೋಕೆ ಮೂವತ್ತು ವರ್ಷ ಹಿಡಿಯಿತು. ಆ ಚರ್ಚೆ ಶುರುವಾಗಿದ್ದು ತನ್ನದೇ ಇಬ್ಬರು ಏಜೆಂಟರ ಹೆಣಗಳ ಮುಂದೆ.

1986ರ ಏಪ್ರಿಲ್ 11, ಶುಕ್ರವಾರ. ಮಯಾಮಿಯ ಹೊರವಲಯ. ಬೆಳಿಗ್ಗೆ ಸುಮಾರು ಒಂಬತ್ತೂವರೆ. ಮೈಕಲ್ ಪ್ಲಾಟ್, ವಿಲಿಯಂ ಮ್ಯಾಟಿಕ್ಸ್ ಅನ್ನೋ ಇಬ್ಬರು ದರೋಡೆಕೋರರ ಕಾರನ್ನು ಎಫ್‌ಬಿಐ ಕಾರುಗಳು ಗುದ್ದಿ ನಿಲ್ಲಿಸಿದವು. ಈ ಕಡೆ ಎಂಟು ಏಜೆಂಟರು, ಆ ಕಡೆ ಇಬ್ಬರು. ಲೆಕ್ಕ ಸುಲಭ ಅಲ್ವಾ? ಐದು ನಿಮಿಷದೊಳಗೆ ಲೆಕ್ಕವೇ ತಲೆಕೆಳಗಾಯ್ತು. ಜೆರ್ರಿ ಡವ್ ಮತ್ತು ಬೆಂಜಮಿನ್ ಗ್ರೋಗನ್ ಸತ್ತರು. ಐವರು ಗಾಯಗೊಂಡರು. ಗಾಯವಿಲ್ಲದೆ ಉಳಿದದ್ದು ಒಬ್ಬರೇ. ಕೊನೆಗೆ ಒಂದು ಕೈ ಛಿದ್ರವಾಗಿದ್ದ ಎಡ್ಮಂಡೊ ಮಿರೆಲೆಸ್ ಎಂಬ ಏಜೆಂಟ್ ಮತ್ತೊಂದು ಕೈಯಲ್ಲಿ ರಿವಾಲ್ವರ್ ಹಿಡಿದು ಇಬ್ಬರನ್ನೂ ಮುಗಿಸಿದರು.

ಶವಪರೀಕ್ಷೆಯಲ್ಲಿ ಒಂದು ಗುಂಡು ಎಲ್ಲರ ಕಣ್ಣಿಗೆ ಬಿತ್ತು. ಡವ್ ಹಾರಿಸಿದ್ದು ಎನ್ನಲಾದ 9 ಎಂಎಂ ಗುಂಡು. ಅದು ಪ್ಲಾಟ್‌ನ ಬಲತೋಳನ್ನು ಸೀಳಿ, ಎದೆಗೆ ನುಗ್ಗಿ, ಶ್ವಾಸಕೋಶವನ್ನು ಹರಿದು, ಹೃದಯಕ್ಕೆ ಸುಮಾರು ಒಂದು ಇಂಚು ದೂರದಲ್ಲಿ ನಿಂತುಬಿಟ್ಟಿತ್ತು. ಆ ಗಾಯವೇ ಅವನನ್ನು ಕೊಲ್ಲುವಷ್ಟಿತ್ತು. ಆದ್ರೆ ತಕ್ಷಣ ಕೊಲ್ಲಲಿಲ್ಲ. ಅವನು ಎದ್ದು ನಡೆದುಬಂದು ಗ್ರೋಗನ್‌ರನ್ನೂ ಡವ್‌ರನ್ನೂ ಕೊಂದ. ಅವನ ರಕ್ತದಲ್ಲಿ ಮಾದಕ ವಸ್ತುವೇನೂ ಸಿಗಲಿಲ್ಲ.

ಇನ್ನೊಂದು ಇಂಚು ಒಳಗೆ ಹೋಗಿದ್ದರೆ? ಈ ಪ್ರಶ್ನೆಯೇ ಎಫ್‌ಬಿಐಯನ್ನು ಕಾಡಿತು. ಸಿಕ್ಕ ಉತ್ತರ: ತಪ್ಪು ಗುಂಡಿನದು.

ನನಗೆ ಇಲ್ಲೇ ತಕರಾರು. ಪ್ಲಾಟ್ ಕೈಯಲ್ಲಿದ್ದದ್ದು ರೈಫಲ್. ದರೋಡೆಗಳಲ್ಲಿ ಇವರು ರೈಫಲ್ ಬಳಸಿದ್ದು ಮೊದಲೇ ಗೊತ್ತಿತ್ತು. ಆದರೂ ಎಂಟರಲ್ಲಿ ಐದು ಏಜೆಂಟರ ಸೊಂಟದಲ್ಲಿದ್ದದ್ದು ರಿವಾಲ್ವರ್, ಮೂವರ ಬಳಿ ಮಾತ್ರ 9 ಎಂಎಂ ಪಿಸ್ತೂಲು. ಕಾರುಗಳು ಗುದ್ದಿದ ರಭಸಕ್ಕೆ ಒಬ್ಬರ ಗನ್ನು ಎಲ್ಲಿಗೋ ಹಾರಿಹೋಯ್ತು. ಕೆಲವರು ತೊಟ್ಟಿದ್ದ ರಕ್ಷಾಕವಚ ರೈಫಲ್ ಗುಂಡು ತಡೆಯುವಂಥದ್ದಲ್ಲ. ಇಷ್ಟೆಲ್ಲಾ ಇರುವಾಗ ಮುಖ್ಯ ಆರೋಪಿ ಯಾರು? ಗುಂಡು! ಯಾಕಂದ್ರೆ ಗುಂಡಿಗೆ ಬಾಯಿಲ್ಲ. ಅದನ್ನು ಅಮಾನತು ಮಾಡಿದರೆ ಯಾರೂ ಕೋರ್ಟಿಗೆ ಹೋಗಲ್ಲ.

ಆಮೇಲೆ ನಡೆದದ್ದು ಕೇಳಿ. ಎಫ್‌ಬಿಐ 10 ಎಂಎಂ ಗುಂಡನ್ನು ಆರಿಸಿಕೊಂಡಿತು. ಭಾರಿ ಶಕ್ತಿ, ಸರಿ. ಆದ್ರೆ ಹಾರಿಸಿದವರ ಕೈಗೂ ಅಷ್ಟೇ ಜೋರು ಒದೆತ. ಪಿಸ್ತೂಲೂ ದಪ್ಪ, ಸಣ್ಣ ಕೈಯವರಿಗೆ ಹಿಡಿತಕ್ಕೆ ಸಿಗದು. ಸರಿ, ಮದ್ದಿನ ಜೋರು ಕಡಿಮೆ ಮಾಡಿದರು. ಜೋರು ಕಡಿಮೆಯಾದ ಮೇಲೆ ಉದ್ದದ ತೋಟಾ ಯಾಕೆ? 1990ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ಅದನ್ನೇ ಗಿಡ್ಡ ಮಾಡಿ .40 ಎಸ್ ಅಂಡ್ ಡಬ್ಲ್ಯು ಅಂತ ತಂದವು. ಎಸ್ ಅಂಡ್ ಡಬ್ಲ್ಯು ಅಂದ್ರೆ 'ಶಾರ್ಟ್ ಅಂಡ್ ವೀಕ್' ಅಂತ 10 ಎಂಎಂ ಅಭಿಮಾನಿಗಳು ಗೇಲಿ ಮಾಡಿದರು. ಆದರೂ ಅಮೆರಿಕದ ಪೊಲೀಸ್ ಇಲಾಖೆಗಳು ಒಂದರ ಹಿಂದೆ ಒಂದು ಅದನ್ನೇ ಕೊಂಡವು. 9ಕ್ಕೂ .40ಕ್ಕೂ ವ್ಯತ್ಯಾಸ ಎಷ್ಟು ಗೊತ್ತಾ? ದಪ್ಪದಲ್ಲಿ ಸುಮಾರು ಒಂದು ಮಿಲಿಮೀಟರ್.

ಈ ನಡುವೆ ಒಂದು ಒಳ್ಳೇ ಕೆಲಸವೂ ಆಯ್ತು. ಎಫ್‌ಬಿಐ ಗುಂಡುಗಳನ್ನು ಜೆಲಾಟಿನ್ ಗಟ್ಟಿಗೆ ಹೊಡೆದು ಅಳೆಯತೊಡಗಿತು. ಕ್ವಾರಿಯಲ್ಲಿ ಸಿಡಿಸೋ ಜಿಲೆಟಿನ್ ಅಲ್ಲ ಸ್ವಾಮಿ, ಜೆಲ್ಲಿ ಮಾಡುವ ಜೆಲಾಟಿನ್. ಕನಿಷ್ಠ 12 ಇಂಚು ಹೊಗಬೇಕು, 18 ದಾಟಬಾರದು. ಬಟ್ಟೆ, ಕಾರಿನ ಗಾಜು ಅಡ್ಡ ಇಟ್ಟೂ ಪರೀಕ್ಷೆ. ಈ ಪರೀಕ್ಷೆ ಪಾಸಾಗೋಕೆ ಕಂಪನಿಗಳು ಎಲ್ಲಾ ಗುಂಡುಗಳನ್ನೂ ಸುಧಾರಿಸಿದವು, ಬೈಸಿಕೊಂಡಿದ್ದ 9 ಎಂಎಂ ಅನ್ನೂ.

2014ರಲ್ಲಿ ಎಫ್‌ಬಿಐನ ತರಬೇತಿ ವಿಭಾಗವೇ ಬರೆದುಕೊಟ್ಟಿತು: ಈಗಿನ ಒಳ್ಳೇ ಗುಂಡುಗಳಲ್ಲಿ ಗಾತ್ರದಿಂದ ಅಂಥಾ ವ್ಯತ್ಯಾಸವೇನಿಲ್ಲ, 9 ಎಂಎಂನಲ್ಲಿ ಹೆಚ್ಚು ಗುಂಡು ಹಿಡಿಸುತ್ತೆ, ಒದೆತ ಕಡಿಮೆ, ಹೆಚ್ಚಿನವರು ಬೇಗ ಮತ್ತು ಗುರಿಯಿಟ್ಟು ಹೊಡೆಯಬಲ್ಲರು. 2016ರಲ್ಲಿ ಗ್ಲಾಕ್ ಕಂಪನಿಗೆ 9 ಎಂಎಂ ಪಿಸ್ತೂಲುಗಳ ಗುತ್ತಿಗೆ ಸಿಕ್ಕಿತು. ಸುತ್ತಿ ಸುತ್ತಿ ಬಂದದ್ದು ಹೊರಟ ಜಾಗಕ್ಕೇ.

ಅದೇ ವರದಿಯಲ್ಲಿ ನಾನು ಎರಡು ಸಲ ಓದಿದ ಒಂದು ಮಾತಿದೆ. ಎನ್‌ಕೌಂಟರ್‌ಗಳಲ್ಲಿ ಪೊಲೀಸರು ಹಾರಿಸುವ ಗುಂಡುಗಳಲ್ಲಿ ಸರಾಸರಿ ಗುರಿ ಮುಟ್ಟುವುದು ಶೇಕಡಾ 20ರಿಂದ 30. ಅಂದ್ರೆ ಹತ್ತರಲ್ಲಿ ಏಳೆಂಟು ಗುಂಡು ಬೇರೆಲ್ಲೋ ಹೋಗುತ್ತೆ. ಗೋಡೆಗೋ, ಕಾರಿಗೋ, ದಾರಿಹೋಕನಿಗೋ. ತಾಗದೇ ಇರೋ ಗುಂಡು 9 ಆದರೇನು, 10 ಆದರೇನು?

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಮಯಾಮಿಯ ಏಜೆಂಟರಿಗೆ ಈ ಗಾದೆ ಹೇಳಿದರೆ ನಾಲಿಗೆಗೆ ಪಾಪ ತಟ್ಟುತ್ತೆ. ಅವರು ಪ್ರಾಣ ಒತ್ತೆಯಿಟ್ಟು ಹೋರಾಡಿದರು. ಗಾದೆ ಸಲ್ಲಬೇಕಾದದ್ದು ರೈಫಲ್ ಎದುರಿಗೆ ರಿವಾಲ್ವರ್ ಕೊಟ್ಟು ಕಳಿಸಿದ ವ್ಯವಸ್ಥೆಗೆ.

ನಮ್ಮ ಪೊಲೀಸ್ ಅಧಿಕಾರಿಗಳ ಸೊಂಟದಲ್ಲೂ 9 ಎಂಎಂ ಪಿಸ್ತೂಲಿದೆ. ಎಲ್ಲಾದರೂ ಗುಂಡಿನ ಸದ್ದು ಕೇಳಿದ ಕೂಡಲೇ ಸ್ಟುಡಿಯೋದಲ್ಲಿ ಕೂತ ನಾವು ಕೇಳೋದು ಒಂದೇ: ಎಷ್ಟು ರೌಂಡ್ ಫೈರಿಂಗ್? ನಾನೂ ಕೇಳಿದ್ದೇನೆ, ಬೇಕಾದಷ್ಟು ಸಲ. ಆ ಟ್ರಿಗರ್ ಎಳೆದ ಸಬ್ ಇನ್‌ಸ್ಪೆಕ್ಟರ್ ಕೊನೆಯದಾಗಿ ಫೈರಿಂಗ್ ರೇಂಜಿಗೆ ಹೋಗಿದ್ದು ಯಾವಾಗ, ಅವರಿಗೆ ಅಭ್ಯಾಸಕ್ಕೆ ಎಷ್ಟು ಗುಂಡು ಕೊಟ್ಟಿದ್ರಿ ಅಂತ ಒಂದು ದಿನವೂ ಕೇಳಿಲ್ಲ. ಇನ್ನು ಮುಂದೆ ಆ ಪ್ರಶ್ನೆಯನ್ನೇ ಮೊದಲು ಕೇಳ್ತೀನಿ.