ಈ ಬಣ್ಣ ಬಳಿದವರು ಯಾರು? ಮಾರ್ಟಳ್ಳಿಯ ಮಳೆ ದೂರದ ಪರದೆ ಸೇರಿದ ಕಥೆ

ಕೆಲವು ವರ್ಷಗಳ ಹಿಂದೆ ಮಳೆ ಕೈಕೊಟ್ಟ ವರದಿಗೆಂದು ಮಾರ್ಟಳ್ಳಿ ಕಡೆ ಹೋಗಿದ್ದೆ. ಟೀ ಅಂಗಡಿ ಮುಂದೆ ಕೂತಿದ್ದ ರೈತರೊಬ್ಬರಿಗೆ ಫೋನಿನಲ್ಲಿ ಮಳೆಯ ನಕ್ಷೆ ತೆರೆದು ತೋರಿಸಿದೆ. ನಕ್ಷೆಯಲ್ಲಿ ತಾಲ್ಲೂಕು ಹಸಿರಾಗಿತ್ತು. ಅವರ ರಾಗಿ ಹೊಲ ಮಾತ್ರ ಒಣಗಿ ನಿಂತಿತ್ತು. ಅವರು ಫೋನನ್ನು ಕೈಗೆ ತೆಗೆದುಕೊಂಡು, ಬಿಸಿಲಿಗೆ ಅಡ್ಡ ಹಿಡಿದು ನೋಡಿ ಕೇಳಿದರು: 'ಈ ಬಣ್ಣ ಯಾರು ಬಳ್ದಿರದು ಸಾ?'

'ಬೆಂಗಳೂರಲ್ಲಿ ಕಂಪ್ಯೂಟರ್ ಬಳಿಯುತ್ತೆ' ಅಂದೆ. ಆ ಉತ್ತರ ಅವರಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಊರಲ್ಲಿ ಬಿದ್ದ ಮಳೆ ಅಂಕಿಯಾಗಿ ಊರು ಬಿಟ್ಟು ಹೋಗಿ, ಚಿತ್ರವಾಗಿ ತಿರುಗಿ ಊರಿಗೆ ಬರುತ್ತದೆ. ನಡುವೆ ಏನಾಗುತ್ತದೆ? ಈ ಬರಹ ಅದನ್ನು ಹುಡುಕುತ್ತಾ ಹೋದ ದಾರಿ.

ಮದ್ರಾಸಿನ ಲೆಕ್ಕದ ಮಳೆ

ಮಾರ್ಟಳ್ಳಿ ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಗಡಿ ಊರು. ಚರ್ಚ್ ಗಂಟೆಯೂ ಮಾದಪ್ಪನ ಪರಸೆಯ ಉಘೇ ಉಘೇಯೂ ಕೇಳುವ, ಕನ್ನಡ ತಮಿಳು ಎರಡೂ ಆಡುವ ಸೀಮೆ. ಆದರೆ 1956ರ ನವೆಂಬರ್ 1ರ ತನಕ ಈ ನೆಲ ಮೈಸೂರಿಗೆ ಸೇರಿರಲಿಲ್ಲ. ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಮೈಸೂರು ಸಂಸ್ಥಾನದ ಮಳೆ ವರದಿಗಳನ್ನು ಹೊರತರುವಾಗ, ನಮ್ಮ ಕಡೆಯ ಮಳೆ ಆ ಪುಸ್ತಕದೊಳಗೆ ಬರುವ ಹಾಗಿರಲಿಲ್ಲ. ಅದು ಮದ್ರಾಸಿನ ಲೆಕ್ಕ.

ಆಗಿನ ಉಪಕರಣ ಸರಳ. ಸೈಮನ್ಸ್ ಮಳೆಮಾಪಕ ಎಂದರೆ 5 ಅಂಗುಲ ಅಗಲದ ಬಾಯಿಯ ಆಲಿಕೆ, ಕೆಳಗೊಂದು ಬಾಟಲಿ, ಅಳೆಯಲು ಗೆರೆ ಹಾಕಿದ ಗಾಜಿನ ಕೊಳವೆ. ಬೆಳಗ್ಗೆ ಒಬ್ಬ ಸಿಬ್ಬಂದಿ ಹೋಗಿ ನೀರು ಸುರಿದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಆ ಅಂಕಿ ಮೇಲಿನ ಕಚೇರಿಗೆ ಹೋಗಬೇಕು. ತುರ್ತಿದ್ದಲ್ಲಿ ತಂತಿ. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು, ಆದ್ದರಿಂದ ಹವಾಮಾನದ ಸುದ್ದಿಯನ್ನೇ ಅಂಕಿಗಳ ಗುಂಪುಗಳಾಗಿ ಕಟ್ಟಿ ಕಳಿಸುವ ಸಂಕೇತ ಭಾಷೆ ಬೆಳೆಯಿತು. ಐದೈದು ಅಂಕಿಯ ಆ ಗುಂಪುಗಳು ಇವತ್ತಿಗೂ ಹವಾಮಾನ ಕೇಂದ್ರಗಳ ನಡುವೆ ಓಡಾಡುತ್ತವೆ.

ಅಂಕಿ ಕಳಿಸುವವನು ಹಳ್ಳಿಯ ಹತ್ತಿರ, ಚಿತ್ರ ಬಿಡಿಸುವವನು ದೂರ. ಈ ವಿಂಗಡಣೆ ಆಗಲೇ ಗಟ್ಟಿಯಾಯಿತು. 1864ರಲ್ಲಿ ಕಲ್ಕತ್ತಾಕ್ಕೆ ಅಪ್ಪಳಿಸಿದ ಚಂಡಮಾರುತ, 1866 ಮತ್ತು 1871ರಲ್ಲಿ ಕೈಕೊಟ್ಟ ಮಳೆ, ಇವುಗಳ ಪಾಠವಾಗಿ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಎಚ್.ಎಫ್. ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ. ಮರುವರ್ಷವೇ ನಮ್ಮ ಅಜ್ಜಂದಿರ ಅಜ್ಜಂದಿರು ಧಾತು-ಈಶ್ವರ ಬರ ಎಂದು ಕರೆದ 1876-78ರ ಮಹಾಕ್ಷಾಮ. ಮೈಸೂರು ಸಂಸ್ಥಾನವೂ ಮದ್ರಾಸ್ ಪ್ರಾಂತ್ಯವೂ ಅದರಲ್ಲಿ ಬೆಂದವು. ಇಲಾಖೆ ಇತ್ತು, ಮಳೆ ಬಿದ್ದಿಲ್ಲವೆಂಬ ಅಂಕಿಯೂ ಇತ್ತು. ಅಂಕಿ ಇದ್ದ ಮಾತ್ರಕ್ಕೆ ಗಂಜಿ ಬರುವುದಿಲ್ಲ. ಆಮೇಲೆ ಬಂದ 1880ರ ಕ್ಷಾಮ ಆಯೋಗ ಮತ್ತು ಕ್ಷಾಮ ಸಂಹಿತೆಗಳು ಮಳೆಯ ಲೆಕ್ಕವನ್ನು ಆಡಳಿತದ ಎಚ್ಚರಿಕೆ ಗಂಟೆಯಾಗಿ ನೋಡತೊಡಗಿದವು. ಅಂದಿನಿಂದ ಇಂದಿನ ತನಕ ಬರ ಅನ್ನುವುದು ಹೊಲದಲ್ಲಿ ಒಂದು ಸಲ, ಕಡತದಲ್ಲಿ ಇನ್ನೊಂದು ಸಲ ಬರುತ್ತದೆ.

ಮಿಸ್ಡ್ ಕಾಲ್ ಕೊಡುವ ಮಳೆಮಾಪಕ

1988ರಲ್ಲಿ ಕರ್ನಾಟಕ ಬರ ಉಸ್ತುವಾರಿ ಕೋಶವನ್ನು ಸ್ಥಾಪಿಸಿತು. ಬರವನ್ನೇ ನೋಡಿಕೊಳ್ಳಲು ಒಂದು ರಾಜ್ಯ ಹೀಗೆ ಕೋಶ ತೆರೆದದ್ದು ದೇಶದಲ್ಲಿ ಅದೇ ಮೊದಲು. ಮುಂದೆ ಅದೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಯಲಹಂಕದ ಬಳಿ ಇರುವ ಆ ಕೇಂದ್ರ ಮೊದಲು ಹೋಬಳಿಗಳಿಗೆ, ಆಮೇಲೆ ಗ್ರಾಮ ಪಂಚಾಯಿತಿಗಳಿಗೆ ಟೆಲಿಮೆಟ್ರಿಕ್ ಮಳೆಮಾಪಕ ಹಾಕಿಸಿತು. ಇಂದು ರಾಜ್ಯದಲ್ಲಿ ಅವು 6,000ಕ್ಕೂ ಹೆಚ್ಚು. ಮೇಲೊಂದು ಸೋಲಾರ್ ಫಲಕ, ಒಳಗೊಂದು ಸಿಮ್. ನೀವು ಪಂಚಾಯಿತಿ ಕಚೇರಿ ಅಂಗಳದಲ್ಲೋ ಶಾಲೆ ಮೈದಾನದಲ್ಲೋ ಬೇಲಿಯೊಳಗೆ ನೋಡಿರುತ್ತೀರಿ.

ಅದರ ಹೊಟ್ಟೆಯಲ್ಲಿ ಏತದ ಹಾಗೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿದ ಕೂಡಲೇ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದೊಂದು ಮಗುಚುವಿಕೆಗೂ ಒಂದು ಎಣಿಕೆ. 1660ರ ದಶಕದಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ ಯೋಚಿಸಿದ ಉಪಾಯ ಇದು. ಎಣಿಕೆಯ ಮೊತ್ತ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಸರ್ವರ್‌ಗೆ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಬೆಂಗಳೂರಿನ ಸರ್ವರ್ ತಾನಾಗಿ ಹಳ್ಳಿಯ ಮಳೆಮಾಪಕಕ್ಕೆ ಫೋನ್ ಮಾಡುವುದು ಕಷ್ಟ. ಸಾಮಾನ್ಯ ಸಿಮ್ ಹಾಕಿದ ಸಾಧನಕ್ಕೆ ಅಂತರ್ಜಾಲದಲ್ಲಿ ಖಾಯಂ ವಿಳಾಸ ಇರುವುದಿಲ್ಲ. ಅದು ಮೊಬೈಲ್ ಕಂಪನಿಯ ಗೋಡೆಯ ಹಿಂದೆ ಇರುತ್ತದೆ. ಹೊರಗಿನವರು ಬಾಗಿಲು ತಟ್ಟಲಾಗದು, ಒಳಗಿನವರು ಹೊರಗೆ ಕರೆಯಬಹುದು. ಆದ್ದರಿಂದ ಇಂಥ ಸಾಧನಗಳಲ್ಲಿ ಹಳ್ಳಿಯದೇ ಮೊದಲ ಕರೆ. ಕರೆನ್ಸಿ ಇಲ್ಲದ ಕಾಲದಲ್ಲಿ ನಾವು ಮಿಸ್ಡ್ ಕಾಲ್ ಕೊಟ್ಟು ಆ ಕಡೆಯವರಿಂದ ಫೋನ್ ಮಾಡಿಸಿಕೊಳ್ಳುತ್ತಿದ್ದೆವಲ್ಲ, ಯಾರು ಯಾರಿಗೆ ಕರೆಯಬೇಕು ಎಂಬ ಅದೇ ಲೆಕ್ಕಾಚಾರ ಇಲ್ಲಿಯೂ ಇದೆ.

ದತ್ತಾಂಶ ಅಲ್ಲೇ ಇರಲಿ, ಚಿತ್ರ ಬರಲಿ

ಮಳೆಮಾಪಕದ ಅಂಕಿ ಚಿಕ್ಕದು, ತಂತಿಯಲ್ಲೂ ಹೋಗುತ್ತದೆ. ಆದರೆ ನಾಳೆಯ ಮಳೆಯನ್ನು ಲೆಕ್ಕ ಹಾಕುವ ಮಾದರಿಗಳ ಗಾತ್ರವೇ ಬೇರೆ. ಉದಾಹರಣೆಗೆ ಒಂದು ಸೀಮೆಯ ಆಕಾಶವನ್ನು ಉದ್ದಕ್ಕೆ 1,000, ಅಗಲಕ್ಕೆ 1,000, ಎತ್ತರಕ್ಕೆ 50 ಚೌಕವಾಗಿ ಕತ್ತರಿಸಿ ಎಂದುಕೊಳ್ಳಿ. 5 ಕೋಟಿ ಚೌಕಗಳಾದವು. ಒಂದೊಂದರಲ್ಲೂ ಉಷ್ಣ, ತೇವ, ಗಾಳಿ ಎಂದು 10 ಅಂಕಿ ಇಟ್ಟರೆ ಒಂದು ಗಳಿಗೆಯ ಆಕಾಶಕ್ಕೇ ಸುಮಾರು 2 ಜಿಬಿ. ಗಂಟೆಗೊಂದರಂತೆ 100 ಗಂಟೆಗೆ 200 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಇದನ್ನು ಇಳಿಸಿಕೊಳ್ಳಲು 44 ಗಂಟೆ ಬೇಕು. ಅಷ್ಟರಲ್ಲಿ ಮಳೆ ಬಂದು ಹೋಗಿರುತ್ತದೆ.

ಈ ತೊಂದರೆ ಎಲ್ಲ ದೇಶದ ವಿಜ್ಞಾನಿಗಳಿಗೂ ಬಂತು. 1987ರಲ್ಲಿ ಅಮೆರಿಕದಲ್ಲಿ ಹೊರಬಂದ ಒಂದು ಹೆಸರಾಂತ ವರದಿ, ಸೂಪರ್ ಕಂಪ್ಯೂಟರ್‌ಗಳು ಉಗುಳುವ ಅಂಕಿಗಳನ್ನು ಮನುಷ್ಯರು ಓದಲಾರರು, ಅವನ್ನು ಚಿತ್ರವಾಗಿಸುವುದೇ ಒಂದು ವಿದ್ಯೆಯಾಗಬೇಕು ಎಂಬ ವಾದ ಮುಂದಿಟ್ಟಿತು. ಅದರ ಮುಂದುವರಿಕೆಯಾಗಿ ಬಂದ ತಂತ್ರಾಂಶಗಳಲ್ಲಿ ಪ್ಯಾರಾವ್ಯೂ ಒಂದು. ಕಿಟ್‌ವೇರ್ ಕಂಪನಿ ಮತ್ತು ಲಾಸ್ ಅಲಮೋಸ್ ಪ್ರಯೋಗಾಲಯ 2000ದಲ್ಲಿ ಕೆಲಸ ಶುರು ಮಾಡಿ 2002ರಲ್ಲಿ ಹೊರತಂದವು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಅದರ ಉಪಾಯ ಹೋಟೆಲಿನದು. ನಾವು ಅಕ್ಕಿ ಮೂಟೆಯನ್ನು ಟೇಬಲ್ಲಿಗೆ ತರಿಸಿಕೊಳ್ಳುವುದಿಲ್ಲ. ಕೂತಲ್ಲಿಂದ ಹೇಳುತ್ತೇವೆ, ಅಡುಗೆಮನೆಯಲ್ಲಿ ಬೇಯುತ್ತದೆ, ತಟ್ಟೆ ಬರುತ್ತದೆ. ದತ್ತಾಂಶ ಇರುವ ದೊಡ್ಡ ಯಂತ್ರದಲ್ಲಿ ಸರ್ವರ್ ಓಡುತ್ತದೆ. ಅದೇ ಓದಿ ಅದೇ ಚಿತ್ರ ಬಿಡಿಸುತ್ತದೆ. ನಮ್ಮ ಲ್ಯಾಪ್‌ಟಾಪಿನಲ್ಲಿರುವ ಕ್ಲೈಂಟ್ 'ಇಲ್ಲಿ ಕತ್ತರಿಸು, ಆ ಕಡೆ ತಿರುಗಿಸು' ಎಂದು ಅಪ್ಪಣೆ ಕಳಿಸುತ್ತದೆ. ಬರುವುದು ಅರ್ಧ ಎಂಬಿಯ ಚಿತ್ರ. ಅದೇ ಸಂಪರ್ಕದಲ್ಲಿ ಅರ್ಧ ಸೆಕೆಂಡೂ ಬೇಡ. ಮೌಸ್ ಹಿಡಿದು ತಿರುಗಿಸುವಾಗ ಒರಟು ಚಿತ್ರ ಕಳಿಸಿ, ಕೈಬಿಟ್ಟ ಮೇಲೆ ಪೂರ್ತಿ ಚಿತ್ರ ಕಳಿಸುವ ಜಾಣತನವೂ ಅದಕ್ಕಿದೆ.

ಸಂಪರ್ಕ ಕೂಡಿಸಲು ಕೆಲವು ನಿಯಮಗಳಿವೆ. ಎರಡೂ ತುದಿಯ ತಂತ್ರಾಂಶದ ಆವೃತ್ತಿ ಒಂದೇ ಇರಬೇಕು, ಇಲ್ಲವಾದರೆ ಕೈಕುಲುಕುವ ಹಂತದಲ್ಲೇ ಮಾತು ಮುರಿಯುತ್ತದೆ. ಸರ್ವರ್ ಒಂದು ಗೊತ್ತಾದ ಬಾಗಿಲ ಸಂಖ್ಯೆಯಲ್ಲಿ ಕಾಯುತ್ತದೆ. ಪ್ಯಾರಾವ್ಯೂಗೆ ಅದು ವಾಡಿಕೆಯಂತೆ 11111. ಆ ಬಾಗಿಲನ್ನು ಬಯಲಿಗೆ ತೆರೆದಿಡುವುದು ಅಪಾಯ, ಆದ್ದರಿಂದ ಎಸ್‌ಎಸ್‌ಎಚ್ ಎಂಬ ಬೀಗ ಹಾಕಿದ ಸುರಂಗದೊಳಗಿಂದ ಹೋಗುತ್ತಾರೆ. ಸೂಪರ್ ಕಂಪ್ಯೂಟರಿನ ಒಳಯಂತ್ರಗಳಿಗೆ ಹೊರಗಿನಿಂದ ನೇರ ದಾರಿ ಇಲ್ಲದಾಗ ಸರ್ವರ್‌ನಿಂದಲೇ ಕ್ಲೈಂಟ್‌ಗೆ ಕರೆ ಮಾಡಿಸುತ್ತಾರೆ. ಇದಕ್ಕೆ ತಿರುಗು ಸಂಪರ್ಕ ಎನ್ನಬಹುದು. ಗೋಡೆಯೊಳಗಿನವರು ಮೊದಲು ಕರೆಯುವ ಆ ಪಂಚಾಯಿತಿ ಮಳೆಮಾಪಕದ ಉಪಾಯವೇ ಇದು.

ಇವೆಲ್ಲ ನಮ್ಮಿಂದ ತೀರ ದೂರದ ಮಾತಲ್ಲ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಹೊಸದರಲ್ಲಿ ಹೊರದೇಶದ ಕಂಪ್ಯೂಟರಿಗೆ ದತ್ತಾಂಶ ಕಳಿಸಲು ಉಪಗ್ರಹ ಸಂಪರ್ಕ ಹಾಕಿಸಿತು. ಅದರ ಡಿಶ್ ಎತ್ತಿನ ಗಾಡಿಯಲ್ಲಿ ಬಂದ ಕಥೆ ಪ್ರಸಿದ್ಧ. 2018ರಲ್ಲಿ ಪುಣೆಯಲ್ಲಿ ಹವಾಮಾನಕ್ಕೆಂದೇ ಪ್ರತ್ಯುಷ್ ಸೂಪರ್ ಕಂಪ್ಯೂಟರ್ ಬಂತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ಸ್ ಶಕ್ತಿಯ ಪರಮ್ ಪ್ರವೇಗ ಶುರುವಾಯಿತು. ಸೆಕೆಂಡಿಗೆ 3,300 ಲಕ್ಷ ಕೋಟಿಯಷ್ಟು ಲೆಕ್ಕ ಮಾಡುವ ಯಂತ್ರ. ಇಂಥ ಯಂತ್ರದ ಮುಂದೆ ಯಾರೂ ಹೋಗಿ ಕೂರುವುದಿಲ್ಲ. ಬಳಸುವವರೆಲ್ಲ ದೂರದಿಂದಲೇ ಬಳಸುತ್ತಾರೆ.

ಹಸಿರಿಗೂ ಕೆಂಪಿಗೂ ನಡುವೆ

ಈಗ ಆ ರೈತರ ಪ್ರಶ್ನೆಗೆ ಬರೋಣ. ಹವಾಮಾನ ಇಲಾಖೆಯ ವಾಡಿಕೆಯಲ್ಲಿ ಮಳೆ ಸರಾಸರಿಗಿಂತ ಶೇ. 19ರಷ್ಟು ಕಡಿಮೆಯಾದರೂ ಅದು 'ಸಾಮಾನ್ಯ', ನಕ್ಷೆಯಲ್ಲಿ ಹಸಿರು. ಶೇ. 20 ಕಡಿಮೆಯಾದರೆ 'ಕೊರತೆ', ಕೆಂಪು. ನಡುವೆ ಇರುವುದು ಶೇ. 1. ಹೊಲಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಡತಕ್ಕೆ ಗೊತ್ತಾಗುತ್ತದೆ.

ಎರಡನೆಯದು ಸರಾಸರಿ. ನಮ್ಮದು ಗುಡ್ಡ ಕಾಡಿನ ತಾಲ್ಲೂಕು. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ ಮಳೆ ಏರುವ ಸೀಮೆ. ಬರುವುದು ಹೆಚ್ಚಾಗಿ ಗುಡುಗಿನ ಮಳೆ, ಒಂದು ಹೊಲ ನೆನೆಸಿ ಪಕ್ಕದ ಹೊಲ ಬಿಟ್ಟು ಹೋಗುವಂಥದು. ಬೆಟ್ಟದ ಮೇಲೆ 60 ಮಿ.ಮೀ. ಬಿದ್ದು ಕೆಳಗಿನ ಊರಿಗೆ 10 ಬಿದ್ದರೆ ಸರಾಸರಿ 35. ಆ 35 ಮಿ.ಮೀ. ಎಲ್ಲೂ ಬಿದ್ದಿರುವುದಿಲ್ಲ. ತಾಲ್ಲೂಕಿಗೆ ಒಂದೇ ಬಣ್ಣ ಬಳಿದಾಗ ಕಾಡಿನ ಮಳೆ ಹೊಲದ ಲೆಕ್ಕಕ್ಕೆ ಬೀಳುತ್ತದೆ.

ಮೂರನೆಯದು, ಈ ಬಣ್ಣದ ಮೇಲೆ ದುಡ್ಡು ನಿಂತಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಮಳೆಮಾಪಕದ ಅಂಕಿಯಿಂದ. ಬರ ಘೋಷಣೆಗೂ ಮಳೆಯ ಅಂಕಿಯೇ ಮೊದಲ ಮೆಟ್ಟಿಲು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದಾಗಲೂ ಲೆಕ್ಕ ತಾಲ್ಲೂಕಿನದೇ. ನಮ್ಮ ಗಡಿಯ ಕಾವೇರಿಯನ್ನೇ ನೋಡಿ. ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗ ಹರಿವು ಅಳೆಯುತ್ತದೆ. 2007ರ ನ್ಯಾಯಮಂಡಳಿ ತೀರ್ಪಿನ 192 ಟಿಎಂಸಿ, 2018ರಲ್ಲಿ ಸುಪ್ರೀಂ ಕೋರ್ಟ್ ಇಳಿಸಿದ 177.25 ಟಿಎಂಸಿ, ಎರಡೂ ಆ ಒಂದು ಜಾಗದ ಅಳತೆ. ಕಾಡಿನ ಅಂಚಿನ ಹೊಳೆ ದೆಹಲಿಯ ಸಭೆಯಲ್ಲಿ ಒಂದು ಅಂಕಿ. ಎರಡು ರಾಜ್ಯಗಳು ಆ ಅಂಕಿ ಹಿಡಿದು ಜಗಳವಾಡುತ್ತವೆ.

ಹಾಗೆಂದು ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಮಳೆಮಾಪಕ ಇಲ್ಲದ ಕಾಲಕ್ಕಿಂತ ಇರುವ ಕಾಲ ಮೇಲು. ಮದ್ರಾಸಿನ ಕಾಲದಲ್ಲಿ ತಾಲ್ಲೂಕಿಗೊಂದು ಆಲಿಕೆಯನ್ನು ನಂಬಿದ್ದವರಿಗೆ ಇಂದು ಪಂಚಾಯಿತಿಗೊಂದು ಇದೆ. ನಾವು ಮರೆತಿರುವುದು ಒಂದು: ಸಂಪರ್ಕಕ್ಕೆ ಎರಡು ತುದಿ. ವಿಜ್ಞಾನಿಯ ಕ್ಲೈಂಟ್ ಬರೀ ಚಿತ್ರ ನೋಡುವುದಿಲ್ಲ, 'ಇಲ್ಲಿ ಕತ್ತರಿಸಿ ತೋರಿಸು' ಎಂದು ಕೇಳುತ್ತದೆ. ಹಳ್ಳಿಯ ತುದಿಯಲ್ಲಿರುವ ನಾವು ಚಿತ್ರ ನೋಡಿ ಸುಮ್ಮನಾಗುತ್ತೇವೆ. 2016ರ ಬರ ನಿರ್ವಹಣೆ ಕೈಪಿಡಿಯೇ ಉಪಗ್ರಹ ಮತ್ತು ಮಳೆಯ ಅಂಕಿ ನೋಡಿ ಮುಗಿಸಬೇಡಿ, ಶೇ. 10ರಷ್ಟು ಹಳ್ಳಿಗಳಿಗೆ ಹೋಗಿ ಹೊಲ ನೋಡಿ ಬನ್ನಿ ಎನ್ನುತ್ತದೆ. ಆ ಪರಿಶೀಲನೆಯವರು ಬಂದಾಗ ತೋರಿಸಲು ನಮ್ಮ ಕೈಯಲ್ಲಿ ಏನಿರುತ್ತದೆ?

ನೆಟ್ಟಗಿನ ಗೋಡೆಯ ಡಬ್ಬಿಯೊಂದನ್ನು ಮರ, ಸೂರು ಇಲ್ಲದ ಬಯಲಲ್ಲಿ ಇಟ್ಟು, ದಿನಾ ಬೆಳಗ್ಗೆ 8.30ಕ್ಕೆ ಸ್ಕೇಲು ಇಳಿಸಿ ನೋಡಿದರೆ ಅದೇ ಮಿಲಿಮೀಟರ್. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಶಾಲೆಯ ಮಕ್ಕಳೂ ಬರೆದಿಡಬಹುದು. ಅದು ಸರ್ಕಾರದ ಅಂಕಿಯನ್ನು ತಳ್ಳಿಹಾಕುವುದಿಲ್ಲ. ಆದರೆ ತಾಲ್ಲೂಕಿನ ಬಣ್ಣ ಬಿಟ್ಟು ಪಂಚಾಯಿತಿಯ ಅಂಕಿ ಕೊಡಿ ಎಂದು ಕೇಳಲು ಒಂದು ಆಧಾರ. ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇರುವುದೂ ಕೇಳುವವರಿಗಾಗಿಯೇ.

ಆ ರೈತರನ್ನು ಆಮೇಲೊಮ್ಮೆ ಭೇಟಿಯಾದಾಗ ಹೇಳಿದೆ: ಬಣ್ಣ ಬಳಿದದ್ದು ಬೆಂಗಳೂರಿನ ಸರ್ವರ್, ಅದಕ್ಕೆ ಬಣ್ಣ ಕೊಟ್ಟದ್ದು ನಿಮ್ಮ ಪಂಚಾಯಿತಿಯ ಬೇಲಿಯೊಳಗಿನ ಬಟ್ಟಲು, ಯಾವ ಅಂಕಿಗೆ ಯಾವ ಬಣ್ಣ ಎಂದು ಗೆರೆ ಎಳೆದದ್ದು ಒಂದು ಕಚೇರಿ. ಅವರು ಸ್ವಲ್ಪ ಹೊತ್ತು ಯೋಚಿಸಿದರು. 'ಹಂಗಾರೆ ಮೊದ್ಲು ಬೇಲಿಯೊಳಗಿಂದು ಸರ್ಯಾಗಿದ್ದದಾ ನೋಡ್ಕಂಡು ಬತ್ತೀನಿ' ಎಂದು ಎದ್ದು ಹೊರಟರು.