ಅಳಿಸಿ ಬರೆಯೋ ಪುಸ್ತಕ: ಕಡತದಿಂದ ಸ್ಟಿಕಿ ನೋಟ್ಸ್ ತನಕ

ಇವತ್ತಿನ ಕಂತು ನನ್ನದೇ ಒಂದು ಎಡವಟ್ಟಿನಿಂದ ಶುರು.

ಕೆಲವು ತಿಂಗಳ ಹಿಂದೆ ಡೆಸ್ಕ್‌ಟಾಪ್‌ಗೆ ಒಂದು ಸ್ಟಿಕಿ ನೋಟ್ಸ್ ಆ್ಯಪ್ ಹಾಕ್ಕೊಂಡೆ. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಹಿರಿಯರನ್ನ ಮಾತಾಡಿಸಿ ಬಂದು ಹೆಸರು, ಇಸವಿ, ಅಡಿಕೆ ಧಾರಣೆ ಎಲ್ಲ ಹಳದಿ ಚೀಟಿಗಳಲ್ಲಿ ಬರೆದಿಡ್ತಿದ್ದೆ. ಪರದೆ ತುಂಬ ಚೀಟಿ. ಒಂದಿನ ಕಂಪ್ಯೂಟರ್ ಕೆಟ್ಟು ಫಾರ್ಮ್ಯಾಟ್ ಮಾಡಿಸಬೇಕಾಯ್ತು. ಫೋಲ್ಡರ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿದ್ದೆ, ಆದ್ರೆ ಚೀಟಿಗಳು ಹೋದವು. ಕಣ್ಣೆದುರಿಗೇ ಇದ್ದವು, ಆದ್ರೆ ಇದ್ದದ್ದು ನಾನು ಯಾವತ್ತೂ ತೆರೆಯದ ಯಾವುದೋ ಫೈಲ್‌ನಲ್ಲಿ.

ಅದರಲ್ಲಿ ಒಬ್ಬ ಅಜ್ಜನ ಮಾತಿತ್ತು. 1923ರಲ್ಲಿ ಶಿರಸಿಯಲ್ಲಿ ಟಿಎಸ್ಎಸ್ ಶುರುವಾಗೋ ಮುಂಚೆ ಅವರ ಅಪ್ಪ ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಅಡಿಕೆ ಒಯ್ತಿದ್ದ ಲೆಕ್ಕ. ಆ ಅಜ್ಜ ಈಗ ಇಲ್ಲ.

ಈ ಬೇಜಾರಲ್ಲೇ ಹುಡುಕ್ತಾ ಹೋದಾಗ ಸಿಕ್ಕಿದ್ದು 'ಕಡತ'. ಇವತ್ತು ಕಡತ ಅಂದ್ರೆ ಸರ್ಕಾರಿ ಕಚೇರಿಯ ಫೈಲು. ಕನ್ನಡದ ಕಂಪ್ಯೂಟರ್‌ನಲ್ಲೂ ಫೈಲ್‌ಗೆ ಅದೇ ಪದ. ಆದ್ರೆ ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲಿನ ಪುಡಿ ಬಳಿದು ಒಣಗಿಸಿ, ಬೀಸಣಿಗೆ ಹಾಗೆ ಮಡಚೋದು. ಕಪ್ಪು ಹಾಳೆ ಮೇಲೆ ಬಳಪದಲ್ಲಿ ಬಿಳಿ ಅಕ್ಷರ. ಬೇಡವಾದ್ರೆ ಒರೆಸಿ, ಮತ್ತೆ ಮಸಿ ಬಳಿದ್ರೆ ಹೊಸ ಪುಟ. ಶಾಲೆಯ ಪಾಟಿಯ ಅಣ್ಣ ಅನ್ನಿ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಇದನ್ನ ವಿವರಿಸಿದ್ದಾನೆ. ವ್ಯಾಪಾರಿಗಳು ಆಗಲೂ ಲೆಕ್ಕಕ್ಕೆ ಇದನ್ನೇ ಬಳಸ್ತಿದ್ದರು.

ಹಳದಿ ಚೀಟಿಯ ಕಥೆ ಚಿಕ್ಕದು. 1968ರಲ್ಲಿ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್‌ಗೆ ಗಟ್ಟಿಯಾಗಿ ಹಿಡಿಯದ ಅಂಟು ಸಿಕ್ತು. ಸಹೋದ್ಯೋಗಿ ಆರ್ಟ್ ಫ್ರೈಗೆ ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಬಿದ್ದುಹೋಗೋದೇ ತಲೆನೋವು. ಎರಡೂ ಸೇರಿ 1980ರಲ್ಲಿ ಪೋಸ್ಟ್-ಇಟ್ ಆಗಿ ಅಮೆರಿಕದ ಅಂಗಡಿಗಳಿಗೆ ಬಂತು. ಅದೇ ಹಳದಿ ಬಣ್ಣ ಆಮೇಲೆ ಕಂಪ್ಯೂಟರ್ ಪರದೆಗೂ ಬಂತು.

ಹಾಗಾದ್ರೆ ಅಳಿಸೋಕೆ ಅಂತಲೇ ಮಾಡಿದ ಕಡತ ಉಳಿದದ್ದು ಹೇಗೆ? ಶೃಂಗೇರಿ ಮಠದಲ್ಲಿ ಹಳೇ ಕಡತಗಳು ಇವತ್ತಿಗೂ ಇವೆ. ಯಾಕಂದ್ರೆ 'ಇದು ಬೇಕು' ಅಂತ ಯಾರೋ ತೀರ್ಮಾನಿಸಿ ಎತ್ತಿಟ್ಟರು. ಒರೆಸೋದು, ಇಡೋದು ಎರಡೂ ಮನುಷ್ಯರ ಕೈಲಿತ್ತು. ನನ್ನ ಚೀಟಿಗಳ ವಿಷಯದಲ್ಲಿ ನಾನು ಏನನ್ನೂ ತೀರ್ಮಾನಿಸಲೇ ಇಲ್ಲ.

ಬಿಕಾಂನಲ್ಲಿ ಮೊದಲ ಪಾಠವೇ ಇದು: ದಿನದ ವ್ಯವಹಾರ ಮೊದಲು ಜರ್ನಲ್‌ಗೆ, ಅಲ್ಲಿಂದ ಲೆಡ್ಜರ್‌ಗೆ. ಜರ್ನಲ್ ಬರೆದು ಖಾತೆಗೆ ಏರಿಸದೇ ಬಿಟ್ಟರೆ ವರ್ಷದ ಕೊನೆಗೆ ಲೆಕ್ಕ ಸಿಗಲ್ಲ. ನಾನು ಬಿಟ್ಟದ್ದು ಅದನ್ನೇ.

ಆ್ಯಪ್ ಈಗಲೂ ಬಳಸ್ತೀನಿ, ಅನುಕೂಲ ಇದೆ. ಆದ್ರೆ ರಾತ್ರಿ ಮಲಗೋ ಮುಂಚೆ ಬೇಕಾದ್ದನ್ನ ರಟ್ಟಿನ ನೋಟ್‌ಬುಕ್‌ಗೆ ಏರಿಸಿ, ಆಮೇಲೇ ಚೀಟಿ ಅಳಿಸ್ತೀನಿ. ಅಜ್ಜನ ಮಗನ ಹತ್ರ ಮತ್ತೆ ಹೋಗಿದ್ದೆ. ಗಾಡಿಯ ಕಥೆ ಅವರಿಗೆ ನೆನಪಿದೆ, ಲೆಕ್ಕ ನೆನಪಿಲ್ಲ.

ನಿಮ್ಮನೆ ಅಟ್ಟದಲ್ಲಿ ಮಡಚಿದ ಕಪ್ಪು ಬಟ್ಟೆ ಏನಾದ್ರೂ ಸಿಕ್ಕಿದ್ರೆ, ದಯವಿಟ್ಟು ಒದ್ದೆ ಬಟ್ಟೆ ತಗೊಂಡು ಒರೆಸ್ಬೇಡಿ. ಮುಂದಿನ ಕಂತಲ್ಲಿ ಸಿಗೋಣ.