ಯುದ್ಧಕಾಲದ ಮನ್ನಣೆ, ಶಾಂತಿಕಾಲದ ಅವಮಾನ

ಕರೋಶಿ, ಚಿಕ್ಕೋಡಿ, ನಿಪ್ಪಾಣಿಗಳ ನಮ್ಮ ಓದುಗರು ವ್ಯಾಪಾರಕ್ಕೋ ಕೋರ್ಟು ಕೆಲಸಕ್ಕೋ ಬೆಳಗಾವಿಗೆ ಹೋದಾಗ ಅಲ್ಲಿಯ ಕ್ಯಾಂಪ್ ಪ್ರದೇಶವನ್ನು ಹಾದುಹೋಗಿರುತ್ತಾರೆ. ಮರಾಠಾ ಪದಾತಿದಳದ ಕೇಂದ್ರ ಅಲ್ಲಿರುವುದು ಎಲ್ಲರಿಗೂ ತಿಳಿದ ವಿಷಯ. ಆದರೆ 1941ರ ಅಕ್ಟೋಬರ್ 1ರಂದು ಇದೇ ಬೆಳಗಾವಿಯಲ್ಲಿ ಮಹಾರ ರೆಜಿಮೆಂಟಿನ ಮೊದಲನೆಯ ಬೆಟಾಲಿಯನ್ ಹುಟ್ಟಿತೆಂಬುದನ್ನು ಅರಿತವರು ವಿರಳ. ಆ ದಳದ ಹುಟ್ಟಿನ ಹಿಂದೆ ಅರ್ಧ ಶತಮಾನದ ಬೇಡಿಕೆಯಿತ್ತು, ಒಬ್ಬ ಅಸಾಮಾನ್ಯ ಮೇಧಾವಿಯ ಹಟವೂ ಇತ್ತು.

ಮುಂಬೈ ಇಲಾಖೆಯ ಸೈನ್ಯದಲ್ಲಿ ಮಹಾರರು ಮೊದಲಿನಿಂದಲೂ ಇದ್ದರು. 1818ರ ಜನವರಿ 1ರ ಕೋರೇಗಾಂವ ಕಾಳಗದ ಸ್ಮಾರಕಸ್ತಂಭದ ಮೇಲೆ ಕೆತ್ತಿದ ಮೃತರ ಹೆಸರುಗಳಲ್ಲಿ 22 ಹೆಸರುಗಳು ‘ನಾಕ’ ಎಂದು ಕೊನೆಗೊಳ್ಳುತ್ತವೆ. ಅದು ಆ ಸಮಾಜದವರ ಹೆಸರಿನ ಗುರುತು. ಹೀಗಿದ್ದೂ 1892ರ ಸುಮಾರಿಗೆ ಅವರ ಭರತಿಯನ್ನು ಸರಕಾರ ನಿಲ್ಲಿಸಿತು. ಕೆಲವು ಕುಲಗಳು ಮಾತ್ರ ವೀರಕುಲಗಳು, ಉಳಿದವು ಯುದ್ಧಕ್ಕೆ ಅಯೋಗ್ಯ ಎಂಬುದು ಆಗಿನ ಆಂಗ್ಲ ಅಧಿಕಾರಿಗಳ ಸಿದ್ಧಾಂತ. ಜಾತಿಮದ, ಕುಲಮದಗಳನ್ನು ಎಂಟು ಮದಗಳಲ್ಲಿ ಎಣಿಸಿದ ಪರಂಪರೆಯ ನಮಗೆ ಈ ಸಿದ್ಧಾಂತದ ಬೇರು ಎಲ್ಲಿಯದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಂಗ್ಲರು ಅದಕ್ಕೆ ಶಾಸ್ತ್ರದ ಅಂಗಿ ತೊಡಿಸಿದರು, ಅಷ್ಟೇ. ಆಗ ಸೈನ್ಯದಲ್ಲಿ ಸುಭೇದಾರ್ ಮೇಜರರಾಗಿ, ಸೈನಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ದುಡಿದ ರಾಮಜಿ ಸಕ್ಪಾಲರು ಈ ನಿರ್ಬಂಧದ ವಿರುದ್ಧ ಅರ್ಜಿ ಕೊಡಿಸಲು ನ್ಯಾಯಮೂರ್ತಿ ರಾನಡೆಯವರ ನೆರವನ್ನು ಪಡೆದರು. ಫಲ ದೊರೆಯಲಿಲ್ಲ. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆಯವರ ಮನವಿಗೂ ಅದೇ ಗತಿ.

ಮೊದಲನೆಯ ಮಹಾಯುದ್ಧ ಬಂದಿತು, ಜನ ಸಾಲದಾಯಿತು. 1917ರಲ್ಲಿ 111ನೆಯ ಮಹಾರ ದಳವನ್ನು ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ದಳವನ್ನು ವಿಸರ್ಜಿಸಿದರು. ಅಯೋಗ್ಯರೆಂದವರು ನಾಲ್ಕು ವರ್ಷದ ಮಟ್ಟಿಗೆ ಯೋಗ್ಯರಾಗಿ ಮತ್ತೆ ಅಯೋಗ್ಯರಾದುದು ಹೇಗೆಂದು ಯಾವ ಅಧಿಕಾರಿಯೂ ವಿವರಿಸಿದಂತಿಲ್ಲ.

ಅದೇ 1917ರಲ್ಲಿ ರಾಮಜಿಯವರ ಮಗ ಭೀಮರಾವ್ ಅಂಬೇಡ್ಕರರು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಲಂಡನ್ನಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿ ಸ್ವದೇಶಕ್ಕೆ ಮರಳಿದರು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಶತ್ರುಗಳ ದಾಳಿಯಲ್ಲಿ ಸಮುದ್ರದ ಪಾಲಾಗಿದ್ದವು. ವಿದ್ಯಾರ್ಥಿವೇತನದ ಕರಾರಿನಂತೆ ಬಡೋದೆ ಸಂಸ್ಥಾನದಲ್ಲಿ ಮಹಾರಾಜರ ಸೇನಾ ಕಾರ್ಯದರ್ಶಿಯಾಗಿ ಸೇರಿದರು. ಹುದ್ದೆ ಎಷ್ಟು ದೊಡ್ಡದೋ ಅನುಭವ ಅಷ್ಟೇ ಕಹಿ. ಕಚೇರಿಯ ಜವಾನರು ಕಾಗದಪತ್ರಗಳನ್ನು ದೂರದಿಂದ ಎಸೆಯುತ್ತಿದ್ದರು. ಇರಲು ಮನೆ ಸಿಗದೆ ಒಂದು ಪಾರಸಿ ವಸತಿಗೃಹದಲ್ಲಿ ಜಾತಿ ಮರೆಮಾಚಿ ಇಳಿದುಕೊಂಡರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಗಟ್ಟಿತು. ಯುದ್ಧ ನಡೆದಿದ್ದ ವರ್ಷದಲ್ಲಿ ಸಂಸ್ಥಾನದ ಸೇನಾ ಕಾರ್ಯದರ್ಶಿಗೆ ರಾತ್ರಿ ಮಲಗಲು ಒಂದು ಕೋಣೆ ಇರಲಿಲ್ಲ. ಮಹಾರಾಜರು ಉದಾರಿಗಳಾಗಿದ್ದರು, ಊರು ಆಗಿರಲಿಲ್ಲ.

ನಮ್ಮ ಸೀಮೆಯಲ್ಲಿ ಅವರಿಗೆ ದೊರೆತ ಸ್ವಾಗತ ಬೇರೆ ಬಗೆಯದು. 1920ರ ಮಾರ್ಚಿನಲ್ಲಿ ಕಾಗಲ ಜಹಗೀರಿನ ಮಾಣಗಾಂವದಲ್ಲಿ ಅವರ ಅಧ್ಯಕ್ಷತೆಯಲ್ಲಿ ನಡೆದ ಪರಿಷತ್ತಿಗೆ ಕೊಲ್ಲಾಪುರದ ಶಾಹು ಮಹಾರಾಜರು ಸ್ವತಃ ಬಂದು, ನಿಮಗೆ ನಿಮ್ಮ ನಾಯಕ ದೊರೆತನೆಂದು ಸಾರಿದರು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಕೂಡಿದ ಮುಂಬೈ ಪ್ರಾಂತಿಕ ಬಹಿಷ್ಕೃತ ಪರಿಷತ್ತಿಗೂ ಅಂಬೇಡ್ಕರರೇ ಅಧ್ಯಕ್ಷರು. ಆದರೂ 1934ರಲ್ಲಿ, ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತು ಬಂದ ಬ್ಯಾರಿಸ್ಟರರಾದ ಮೇಲೂ, ದೌಲತಾಬಾದ್ ಕೋಟೆಯ ಹೊಂಡದ ನೀರಿನಲ್ಲಿ ಕೈಕಾಲು ತೊಳೆದುದಕ್ಕೆ ಅವರೂ ಸಂಗಡಿಗರೂ ಬೈಗುಳ ಕೇಳಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ಸರಕಾರಕ್ಕೆ ಮತ್ತೆ ಜನ ಬೇಕಾದರು. ರಕ್ಷಣಾ ಸಲಹಾ ಸಮಿತಿಯ ಸದಸ್ಯರಾದ ಅಂಬೇಡ್ಕರರು ಮಹಾರರಿಗೆ ತಮ್ಮದೇ ಹೆಸರಿನ ದಳ ಬೇಕೆಂದು ಒತ್ತಾಯಿಸಿದರು. ಅದರ ಫಲವೇ ಬೆಳಗಾವಿಯ ಬೆಟಾಲಿಯನ್. 1942ರ ಜುಲೈಯಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದರು. ಯುದ್ಧಸಾಮಗ್ರಿಯ ಕಾರಖಾನೆಗಳಿಗೆ ಬೇಕಾದ ಕುಶಲ ಕೆಲಸಗಾರರ ತರಬೇತಿ, ಕಲ್ಲಿದ್ದಲ ಗಣಿಗಳ ಮೇಲ್ವಿಚಾರಣೆ ಅವರ ಪಾಲಿಗೆ ಬಂದವು. 1942ರ ಆಗಸ್ಟಿನಲ್ಲಿ ಸರಕಾರ, ಮಾಲಿಕರು ಮತ್ತು ಕಾರ್ಮಿಕರ ಪ್ರತಿನಿಧಿಗಳನ್ನು ಒಂದೇ ಸಭೆಯಲ್ಲಿ ಕೂಡಿಸಿದರು. ಗಣಿಯ ಒಳಗೆ ಹೆಂಗಸರು ದುಡಿಯಬಾರದೆಂಬ ನಿಷೇಧವನ್ನು 1943ರಲ್ಲಿ ಕಲ್ಲಿದ್ದಲಿನ ಕೊರತೆಯ ಕಾರಣಕ್ಕಾಗಿ ಸಡಿಲಿಸಿದ್ದು ಇದೇ ಅವಧಿಯಲ್ಲಿ. ಅದು ಟೀಕೆಗೆ ತಕ್ಕ ಕ್ರಮವೇ ಆಗಿತ್ತು. ಟೀಕೆ ಬಂದಿತು, ಅವರು ಸಭೆಯಲ್ಲಿ ಅದನ್ನು ಸಮರ್ಥಿಸಿದರು.

ಇಂಥ ಕೃತಘ್ನತೆ ನಮ್ಮ ನಾಡಿನದು ಮಾತ್ರವಲ್ಲ. ಅದೇ ಯುದ್ಧದಲ್ಲಿ ಜರ್ಮನರ ಗುಪ್ತಲಿಪಿಯನ್ನು ಒಡೆಯಲು ನೆರವಾದ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್‌ರನ್ನು, ಅವರ ಖಾಸಗಿ ಬದುಕಿನ ಒಲವೇ ಅಪರಾಧವೆಂದು 1952ರಲ್ಲಿ ನ್ಯಾಯಾಲಯ ಶಿಕ್ಷಿಸಿತು. 1954ರಲ್ಲಿ ಅವರು ತೀರಿಕೊಂಡರು. ಸರಕಾರ ಕ್ಷಮೆ ಕೇಳಿದ್ದು 2009ರಲ್ಲಿ, ರಾಜಕ್ಷಮೆ ದೊರೆತದ್ದು 2013ರಲ್ಲಿ. ಅಲ್ಲಿ ಒಬ್ಬನಿಗೆ ಆದದ್ದು ಇಲ್ಲಿ ಇಡೀ ಸಮಾಜಕ್ಕೆ ತಲೆಮಾರುಗಳವರೆಗೆ ಆಯಿತು.

ಈ ಸಲದ ಯುದ್ಧ ಮುಗಿದ ಮೇಲೆ ಮಹಾರ ದಳವನ್ನು ವಿಸರ್ಜಿಸಲಿಲ್ಲ. ಸ್ವಾತಂತ್ರ್ಯಾನಂತರ ಅದರ ಬಾಗಿಲು ಇತರ ಸಮಾಜದವರಿಗೂ ತೆರೆಯಿತು. ಅದರ ಕೇಂದ್ರ ಈಗ ಮಧ್ಯಪ್ರದೇಶದ ಸಾಗರದಲ್ಲಿದೆ. ಆ ದಳದಲ್ಲಿ ಸೇವೆ ಆರಂಭಿಸಿದ ಕೆ. ವಿ. ಕೃಷ್ಣರಾವ್ ಮತ್ತು ಕೆ. ಸುಂದರ್‌ಜಿ ಭಾರತದ ಭೂಸೇನೆಯ ಮುಖ್ಯಸ್ಥರಾದರು. 1987ರ ನವೆಂಬರ್‌ನಲ್ಲಿ ಶ್ರೀಲಂಕೆಯಲ್ಲಿ ಮಡಿದ ಅದೇ ದಳದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಸಂದಿತು. ಬೆಳಗಾವಿಯಲ್ಲಿ ಸೇರಿದ ಮೊದಲ ಸೈನಿಕರ ಟೊಪ್ಪಿಗೆಯ ಲಾಂಛನದಲ್ಲಿ ಕೋರೇಗಾಂವದ ಸ್ತಂಭವಿತ್ತು. ಮುಂದೆ ಅದನ್ನು ತೆಗೆದು, ಆ ಜಾಗದಲ್ಲಿ ಕಠಾರಿಯನ್ನು ಇರಿಸಿದರು.